ಕಾಸರಗೋಡಿನಲ್ಲಿ ಕೂತೇ ಡಿಜಿಟಲ್ ಮಾರ್ಕೆಟಿಂಗ್ ಪರಿಣತರಾಗಬಹುದಾ?

ಮಂಜೇಶ್ವರದ ಹತ್ತಿರ ಮನೆ, ಬಿಕಾಂ ಮುಗಿದಿದೆ, ಡಿಜಿಟಲ್ ಮಾರ್ಕೆಟಿಂಗ್ ಕಲಿತು ಮುಂದೆ ಟಿವಿ, ಪತ್ರಿಕೆಗಳಲ್ಲಿ ಆ ಬಗ್ಗೆ ಮಾತಾಡುವಂತಾಗಬೇಕು, ಅದಕ್ಕೆ ಬೆಂಗಳೂರಿಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ.

ಹೋಗಲೇಬೇಕು ಅಂತೇನಿಲ್ಲ. ನಾನು ಕುಂಬಳೆಯಲ್ಲೇ ಇದ್ದು ಅಂಗಡಿ, ಕಾಲೇಜುಗಳ ಆನ್‌ಲೈನ್ ಜಾಹೀರಾತು, ಅಂದರೆ ಆಡ್ ನೋಡಿಕೊಳ್ಳುತ್ತೇನೆ. ಆದರೆ ಟಿವಿಯ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಕೈಯಾರೆ ಆಡ್ ನಡೆಸಿ ನೋಡಬೇಕು.

ಗೂಗಲ್ ಆಡ್ ನಡೆಸುವುದನ್ನು ಕಲಿಸುವ ಗೂಗಲ್‌ನದೇ ತಾಣ ಸ್ಕಿಲ್‌ಶಾಪ್‌ನಲ್ಲಿ ಪಾಠ ಉಚಿತವಾಗಿ ಸಿಗುತ್ತದೆ. ಅದನ್ನು ಮುಗಿಸಿ. ದುಬಾರಿ ಕೋರ್ಸ್ ಸೇರುವ ಮೊದಲು, ಆ ದುಡ್ಡಿನಲ್ಲಿ ಸ್ವಲ್ಪವನ್ನು ಪರಿಚಯದ ಅಂಗಡಿಯೊಂದರ ಆಡ್‌ಗೆ ಹಾಕಿ. ಜನ ಏನೇನು ಟೈಪ್ ಮಾಡಿ ನಿಮ್ಮ ಆಡ್‌ಗೆ ಬಂದರು ಅಂತ ಸರ್ಚ್ ಟರ್ಮ್ಸ್ ರಿಪೋರ್ಟ್‌ನಲ್ಲಿ ಇರುತ್ತದೆ. ಅದನ್ನು ದಿನಾ ಓದಿ. ನನಗೆ ಯಾವ ಕೋರ್ಸಿಗಿಂತಲೂ ಜಾಸ್ತಿ ಕಲಿಸಿದ್ದು ಅದೇ.

ಇನ್ನು, ಗಡಿಯಲ್ಲಿರುವ ನಮಗೆ ಗೊತ್ತಿರುವುದು ದೊಡ್ಡ ಊರಿನ ಏಜೆನ್ಸಿಗಳಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಮಂಗಳೂರಿನ ಸೀರೆ ಅಂಗಡಿಯ ಆಡ್‌ಗೆ ಸ್ಥಳ ಅಂತ ಬರೀ ಕರ್ನಾಟಕವನ್ನು ಆರಿಸಿದರೆ, ರಾಜ್ಯದ ಗಡಿಯಾದ ತಲಪಾಡಿಯ ಈಚೆ, ಕೇರಳದ ಕಡೆಗಿರುವ ಎಷ್ಟೋ ಗಿರಾಕಿಗಳಿಗೆ ಅದು ಕಾಣುವುದೇ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಮದುವೆ ಸೀರೆಗೆ, ಆಸ್ಪತ್ರೆಗೆ ನಮ್ಮಲ್ಲಿ ತುಂಬ ಜನ ಈಗಲೂ ಹೋಗುವುದು ಮಂಗಳೂರಿಗೇ ಅಲ್ವಾ? ಹಾಗಾಗಿ ರಾಜ್ಯದ ಹೆಸರು ಬಿಟ್ಟು, ಮಂಗಳೂರಿನ ಸುತ್ತ 50 ಕಿಲೋಮೀಟರ್ ಅಂತ ಹಾಕಿ ನೋಡಿ. ಕಾಸರಗೋಡಿನವರೆಗೂ ಬರುತ್ತದೆ.

ಭಾಷೆಯದ್ದು ಇನ್ನೂ ಸೂಕ್ಷ್ಮ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಫೋನಿನ ಸೆಟ್ಟಿಂಗ್ ಇಂಗ್ಲಿಷ್. ಇಂಥವರು ಕನ್ನಡ ಓದುತ್ತಾರೆ ಅಂತ ಫೋನಿನ ಸೆಟ್ಟಿಂಗ್ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಒಂದೇ ಆಡ್ ಅನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬಿಟ್ಟು, ಅಂಗಡಿಗೆ ಯಾವುದರಿಂದ ಜಾಸ್ತಿ ಕರೆ ಬಂತು ಅಂತ ಲೆಕ್ಕ ಇಡಿ. ಬರೀ ಕ್ಲಿಕ್ ಎಣಿಸಬೇಡಿ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ತುಳುವೂ ಬಂತು, ನನಗೆ ತುಂಬ ಖುಷಿಯಾಯಿತು. ಆದರೆ ಆಡ್‌ನ ಸಾಲುಗಳನ್ನು ಯಂತ್ರದಿಂದ ಬರೆಸಬೇಡಿ. ನಮ್ಮ ಜನಕ್ಕೆ ಕೂಡಲೇ ಗೊತ್ತಾಗುತ್ತದೆ.

ಹೀಗೆ ಕೈಯಲ್ಲಿ ಅನುಭವ ಇದ್ದರೆ ಮಾಧ್ಯಮದವರು ಕೇಳುವ ಪ್ರಶ್ನೆಗೆ ಉತ್ತರವೂ ಇರುತ್ತದೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ, ಅದನ್ನೇ ನಂಬಿದ್ದ ಸಣ್ಣ ವ್ಯಾಪಾರಿಗಳ ಗತಿ ಏನು ಅಂತ ಬಿಡಿಸಿ ಹೇಳುವವರು ಬೇಕಾಗಿತ್ತು. ಕನ್ನಡದಲ್ಲಿ ಅಂಥವರು ಈಗಲೂ ಕಡಿಮೆ. ಇಂಥದ್ದೊಂದು ಬದಲಾವಣೆ ಆದ ದಿನವೇ ಸರಳ ಕನ್ನಡದಲ್ಲಿ ಒಂದು ಪುಟ ಬರೆದು ಪತ್ರಿಕೆಗೆ ಕಳಿಸಿ. ವಾರ ಕಳೆದರೆ ಅದು ಯಾರಿಗೂ ಬೇಡ. ವರದಿಗಾರರು ಸಂಜೆ ಫೋನ್ ಮಾಡಿದರೆ ಆಗಲೇ ಉತ್ತರ ಕೊಡಿ, ಅವರಿಗೆ ರಾತ್ರಿಯೊಳಗೆ ಸುದ್ದಿ ಮುಗಿಸಬೇಕಿರುತ್ತದೆ.

ಮಾತಾಡಬೇಕಾದ ಕಂಪನಿ ನಿಮ್ಮ ಗಿರಾಕಿಯೇ ಆಗಿದ್ದರೆ ಅದನ್ನು ವರದಿಗಾರರಿಗೆ ಮೊದಲೇ ಹೇಳಿಬಿಡಿ. ಗಿರಾಕಿಯ ಲೆಕ್ಕಗಳನ್ನು ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಬಾಯಿ ಬಿಡಬೇಡಿ.