ನಿಮ್ಮ ಚೀಲದಲ್ಲಿರುವ ಪುಸ್ತಕದ ಹೆಸರು ಹೇಳಿ ಮೇಡಂ

ಸಕಲೇಶಪುರ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಕಾಗದದ ಸಾರ ಇಷ್ಟು. ಅವರು 14 ವರ್ಷದಿಂದ ಈ ಕೆಲಸದಲ್ಲಿದ್ದಾರೆ. ಹೋದ ವರ್ಷದಿಂದ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಹತ್ತು ಹದಿನೈದು ಜನರನ್ನು ಕೂರಿಸಿಕೊಂಡು ಒಂದು ಪುಸ್ತಕದ ಬಗ್ಗೆ ಮಾತಾಡಿಸುತ್ತಾರೆ. ಈಚೆಗೆ ಒಂದು ಸಭೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು "ಮೇಡಂ, ನಿಮಗೆ ಬಹಳ ಇಷ್ಟವಾದ ಪುಸ್ತಕ ಯಾವುದು?" ಅಂತ ಕೇಳಿದರಂತೆ. ಇವರು ಒಂದು ದೊಡ್ಡ ಕಾದಂಬರಿಯ ಹೆಸರು ಹೇಳಿಬಿಟ್ಟರು. ಅದನ್ನು ಅವರು 60ನೇ ಪುಟಕ್ಕೇ ಬಿಟ್ಟಿದ್ದಾರೆ. ನಿಜವಾಗಿ ಅವರಿಗೆ ಇಷ್ಟ ಪತ್ತೇದಾರಿ ಕಾದಂಬರಿ. ಆವತ್ತೂ ಅವರ ಚೀಲದಲ್ಲಿ ಒಂದಿತ್ತು. "ಲೈಬ್ರರಿಯವಳೇ ಇಂಥದ್ದು ಓದುತ್ತಾಳೆ ಅಂದರೆ ಜನ ಏನಂದುಕೊಳ್ಳುತ್ತಾರೆ? ನನ್ನ ರುಚಿ ಬದಲಾಯಿಸಿಕೊಳ್ಳಬೇಕಾ, ಮುಚ್ಚಿಡಬೇಕಾ? ರಾತ್ರಿ ನಿದ್ದೆ ಬರಲಿಲ್ಲ" ಅಂತ ಬರೆದಿದ್ದಾರೆ. ಇನ್ನೊಂದು ದೂರೂ ಇದೆ. ಸಭೆಯಲ್ಲಿ ಮೂರೇ ಜನ ಮಾತಾಡುತ್ತಾರೆ, ಉಳಿದವರು ತಲೆ ಆಡಿಸಿ ಟೀ ಕುಡಿದು ಹೋಗುತ್ತಾರೆ.

ಮೇಡಂ, ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಹಳೆಯದೊಂದು ನೆನಪಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಲೈಬ್ರರಿಗೆ ಹೋಗುತ್ತಿದ್ದೆ. ಒಂದು ದಿನ ಪತ್ತೇದಾರಿ ಕಾದಂಬರಿಯೊಂದನ್ನು ಎತ್ತಿಕೊಂಡು ಹೋಗಿ ಬರೆಸಲು ಮೇಜಿನ ಮೇಲಿಟ್ಟೆ. ಅಲ್ಲಿ ಕೂತಿದ್ದವರು ಅದನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು, "ಇಂಥದ್ದು ಓದಿ ಹಾಳಾಗ್ತೀಯ?" ಅಂದರು. ಪೇಪರ್ ಓದುತ್ತಿದ್ದ ದೊಡ್ಡವರೆಲ್ಲ ತಿರುಗಿ ನೋಡಿದರು. ನಾನು ಬರಿಗೈಯಲ್ಲಿ ಮನೆಗೆ ಬಂದೆ. ಆಮೇಲೆ ಎರಡು ವರ್ಷ ಆ ಬಾಗಿಲು ತುಳಿಯಲಿಲ್ಲ.

ಮತ್ತೆ ಹೋಗುವ ಹೊತ್ತಿಗೆ ಬೇರೆಯವರು ಬಂದಿದ್ದರು. ಅವರ ಮೇಜಿನ ಮೇಲೇ ಒಂದು ಪತ್ತೇದಾರಿ ಪುಸ್ತಕ ಇತ್ತು, ಮಧ್ಯದಲ್ಲಿ ಗುರುತಿಗೆ ಬಸ್ ಟಿಕೆಟ್ ಸಿಗಿಸಿದ್ದರು. ನಾನು ಅದನ್ನೇ ನೋಡುತ್ತಿದ್ದದ್ದು ಅವರಿಗೆ ಗೊತ್ತಾಯಿತು. "ಇನ್ನು 30 ಪುಟ ಇದೆ ಕಣೋ, ಇವತ್ತು ಮುಗಿಸ್ತೀನಿ, ನಾಳೆ ಬಾ" ಅಂದರು. ಮಾರನೇ ದಿನ ಆ ಪುಸ್ತಕವನ್ನು ನನಗಾಗಿಯೇ ತೆಗೆದಿಟ್ಟಿದ್ದರು, ಬಸ್ ಟಿಕೆಟ್ ಇನ್ನೂ ಒಳಗೇ ಇತ್ತು. ಓದಿ ವಾಪಸ್ ತಂದಾಗ, ಕೊಲೆ ಮಾಡಿದ್ದು ಯಾರು ಅಂತ ನನಗೆ ಎಷ್ಟನೇ ಪುಟದಲ್ಲಿ ಗೊತ್ತಾಯಿತು ಅಂತ ಕೇಳಿದರು. ನಾನು ಹೇಳಿದೆ. ಅವರಿಗೆ ಅದಕ್ಕಿಂತ ಮುಂಚೆಯೇ ಗೊತ್ತಾಗಿತ್ತಂತೆ. ಹೇಗೆ ಅಂತ ವಿವರಿಸಿದರು. ಸುಮಾರು ಅರ್ಧ ಗಂಟೆ, ಒಬ್ಬ ದೊಡ್ಡವರು ಒಬ್ಬ ಹುಡುಗನ ಜೊತೆ ಸರಿಸಮ ಕೂತು ಒಂದು ಪುಸ್ತಕದ ಬಗ್ಗೆ ಮಾತಾಡಿದರು. ನನ್ನ ಜೀವನದ ಮೊದಲ ಪುಸ್ತಕ ಚರ್ಚೆ ಅದು.

ಆಮೇಲೊಂದು ದಿನ ಗೊರೂರು ರಾಮಸ್ವಾಮಿ ಅಯ್ಯಂಗಾರರ ಪುಸ್ತಕ ಕೊಟ್ಟು, "ನಮ್ಮ ಹೇಮಾವತಿ ಹೊಳೆ ಕಡೆಯವರದ್ದು, ಹಿಡಿಸಿದರೆ ಓದು, ಇಲ್ಲಾಂದ್ರೆ ವಾಪಸ್ ಕೊಡು" ಅಂದರು. ಹಿಡಿಸಿತು. ಹಿಡಿಸದಿದ್ದರೂ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಮೇಡಂ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. ನಿಮ್ಮ ರುಚಿಯನ್ನು ಬದಲಾಯಿಸಬೇಡಿ, ಮುಚ್ಚಲೂ ಬೇಡಿ. ಆ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡಿ. ನೀವು ನಿಮ್ಮ ಇಷ್ಟವನ್ನು ಬಾಯಿಬಿಟ್ಟು ಹೇಳದೆ ಇದ್ದರೆ, ಎದುರಿಗೆ ಕೂತ ಹನ್ನೆರಡು ಜನ ತಮ್ಮದನ್ನು ಯಾವ ಧೈರ್ಯದ ಮೇಲೆ ಹೇಳುತ್ತಾರೆ? ಲೈಬ್ರರಿಯವರೇ ದೊಡ್ಡ ಹೆಸರಿನ ಹಿಂದೆ ನಿಂತರೆ ಉಳಿದವರೂ ಅಲ್ಲೇ ನಿಲ್ಲುತ್ತಾರೆ. ನಿಮ್ಮ ಎರಡು ದೂರುಗಳ ಬೇರು ಒಂದೇ ಅಂತ ನನಗೆ ಅನ್ನಿಸುತ್ತದೆ. ಆ ಒಂಬತ್ತು ಜನ ಯಾಕೆ ಮಾತಾಡುತ್ತಿಲ್ಲ ಅಂದರೆ, ನಿಮಗೆ ಆವತ್ತು ಆದ ಭಯವೇ ಅವರಿಗೂ ಆಗಿದೆ.

ನಿಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಿವೆ ಅಲ್ವಾ, 1931ರಲ್ಲಿ ಪುಸ್ತಕವಾಗಿ ಬಂದವು. ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸಿ. ಗ್ರಂಥಾಲಯ ಬೆಳೆಯುತ್ತಾ ಇರುವ ಜೀವ. ಐದನ್ನೂ ಇನ್ನೊಂದು ಸಲ ಓದಿ ನೋಡಿ. ಒಳ್ಳೆಯ ಪುಸ್ತಕ, ಕೆಟ್ಟ ಪುಸ್ತಕ ಅನ್ನುವ ಮಾತು ಎಲ್ಲೂ ಇಲ್ಲ. ಅವರು ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಅಂತ ಮಾಡುತ್ತೇವೆ, ಫೋಟೋಕ್ಕೆ ಹಾರ ಹಾಕುತ್ತೇವೆ. ಮೂರನೇ ಸೂತ್ರದ ಪ್ರಕಾರ ನಿಮ್ಮ ಚೀಲದ ಪುಸ್ತಕಕ್ಕೆ ಓದುಗರು ನೀವು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಪತ್ತೇದಾರಿಯ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಮೊದಲು ಅದನ್ನು ಓದಿದವರು ಆಮೇಲೆ ದೊಡ್ಡ ಸಾಹಿತ್ಯಕ್ಕೆ ಬರುತ್ತಾರೆ, ಅದು ಮೆಟ್ಟಿಲು ಅಂತ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು, ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಓದಲು ಕೂತವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮನೆಯಲ್ಲಿ ಸಿಗುತ್ತಾರೆ. ಅವರಲ್ಲಿ ಕೆಲವರು ಮುಂದೆ ಬೇರೆ ಓದಿದರು, ಕೆಲವರು ಕೊನೆವರೆಗೂ ಅದನ್ನೇ ಓದಿದರು. ಇಬ್ಬರೂ ಓದುಗರೇ. ಇಡೀ ದಿನ ಮೆಣಸಿನ ಬಳ್ಳಿ ಕಟ್ಟಿ ಬಂದವರು ರಾತ್ರಿ ಊಟವಾದ ಮೇಲೆ 20 ಪುಟ ಓದಿ ಮಲಗಿದರೆ, ಆ 20 ಪುಟ ಎಲ್ಲಿಗೋ ಏರುವ ಮೆಟ್ಟಿಲಾಗಲೇಬೇಕು ಅಂತ ನಾವು ಯಾಕೆ ಹಟ ಹಿಡಿಯಬೇಕು?

ಒಂದು ಕಡೆ ಮಾತ್ರ ನಿಮ್ಮ ರುಚಿಯನ್ನು ಹೊರಗಿಡಿ. ಪುಸ್ತಕ ತರಿಸುವ ಪಟ್ಟಿ ಬರೆಯುವಾಗ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ನಮ್ಮ ಮನೆ, ಕಟ್ಟಡದ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಎರಡು ಅಂಕಣದ ಮನೆಯವರೂ ಅದನ್ನು ಕಟ್ಟಿದ್ದಾರೆ. 2019ರಲ್ಲಿ ನಿಮ್ಮ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತಲೂ ಸೇರಿತು, ಆದರೆ ಒಳಗಿನ ಕಪಾಟು ಊರಿನದ್ದು, ಅದು ಬದಲಾಗಿಲ್ಲ. ಪಟ್ಟಿ ಬರೆಯುವ ಮುಂಚೆ ಎರವಲು ರಿಜಿಸ್ಟರ್ ತೆಗೆದು ಆರು ತಿಂಗಳಿನದ್ದು ನೋಡಿ. ಯಾರು ಏನು ಒಯ್ದಿದ್ದಾರೆ, ಏನು ಕೇಳಿ ಸಿಗದೆ ಹೋಗಿದ್ದಾರೆ. ಮೂಲೆಯ ಬೆಂಚಿನಲ್ಲಿ ಬೆಳಿಗ್ಗೆಯಿಂದ ಕೂತು ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಹೊಸ ಆವೃತ್ತಿ ಬೇಕು, ಹಳೆಯದರಿಂದ ಅವರಿಗೆ ಉಪಯೋಗವಿಲ್ಲ. ಶಾಲೆ ಬಿಟ್ಟ ಮೇಲೆ ಓಡಿ ಬರುವ ಮಕ್ಕಳಿಗೆ ಚಿತ್ರ ಇರುವ ಪುಸ್ತಕ ಬೇಕು. ನಿಮಗೆ ಸುತಾರಾಂ ಹಿಡಿಸದ ಪುಸ್ತಕವೂ ಕಪಾಟಿನಲ್ಲಿ ಇರಬೇಕು. ಮೇಷ್ಟ್ರಿಗೆ ಬೇಕಾದದ್ದೂ ಇರಬೇಕು.

ಈಗ ಸಭೆಯ ವಿಷಯ. ನನ್ನ ಪ್ರಕಾರ ಇದೇ ಮುಖ್ಯ.

ನಿಮ್ಮ ಕಾಗದದಲ್ಲಿ ಒಂದು ಕಡೆ, ಸುಮ್ನೆ ಬಂದು ಹೋಗುವ ಹಾಗೆ, ಒಂದು ಘಟನೆ ಬರೆದಿದ್ದೀರಿ. ಕಾಡಿನ ಕತೆಗಳ ಪುಸ್ತಕವೊಂದನ್ನು ಇಟ್ಟುಕೊಂಡ ದಿನ, ಎಸ್ಟೇಟಿನಲ್ಲಿ ಕೆಲಸ ಮಾಡುವ ಒಬ್ಬರು ಎದ್ದು ನಿಂತು, ಅವರ ಲೈನ್ ಮನೆಯ ಹಿಂದೆ ಆನೆ ಬಂದ ರಾತ್ರಿಯ ಬಗ್ಗೆ ಹೇಳಲು ಶುರು ಮಾಡಿದರು. ಮಾತಾಡುವ ಮೂವರಲ್ಲಿ ಒಬ್ಬರು, "ಪುಸ್ತಕದ ಬಗ್ಗೆ ಮಾತಾಡಿ" ಅಂದರು. ಅವರು ಕೂತರು. ಆಮೇಲೆ ಬರಲೇ ಇಲ್ಲ.

ಮೇಡಂ, ಅವರು ಪುಸ್ತಕದ ಬಗ್ಗೆಯೇ ಮಾತಾಡುತ್ತಿದ್ದರು. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ಮೆಸೇಜ್ ನೋಡಿಕೊಂಡು ಕೆಲಸಕ್ಕೆ ಹೋಗುವ ಜನ. ಅಂಥವರು ಕಾಡಾನೆಯ ಕತೆ ಓದುವುದಕ್ಕೂ, ನಾನು ಹಾಸನದಲ್ಲಿ ಫ್ಯಾನ್ ಕೆಳಗೆ ಕೂತು ಓದುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಲೇಖಕರು ಆನೆಯನ್ನು ಸರಿಯಾಗಿ ಕಂಡಿದ್ದಾರಾ ಅಂತ ಹೇಳಬಲ್ಲವರು ಆ ಕೋಣೆಯಲ್ಲಿ ಅವರೊಬ್ಬರೇ ಇದ್ದರೇನೋ. ದಯವಿಟ್ಟು ಅವರ ಮನೆಗೆ ಹೋಗಿ ಕರೆದು ಬನ್ನಿ.

ಚನ್ನರಾಯಪಟ್ಟಣದ ಕಡೆ ಒಂದು ಸಭೆಗೆ ನಾನು ಹೋಗಿದ್ದೆ. ಆವತ್ತಿನ ಪುಸ್ತಕ ಎಸ್. ಎಲ್. ಭೈರಪ್ಪನವರ 'ಗೃಹಭಂಗ'. ಭೈರಪ್ಪನವರು ಹುಟ್ಟಿದ ಸಂತೇಶಿವರ ಅದೇ ತಾಲ್ಲೂಕಿನದು, ಹಾಗಾಗಿ ಜನ ಚೆನ್ನಾಗಿ ಸೇರಿದ್ದರು. ಇಬ್ಬರು ಉಪನ್ಯಾಸಕರು ಮುಕ್ಕಾಲು ಗಂಟೆ ಮಾತಾಡಿದರು, ಕಾದಂಬರಿಯ ರಚನೆ, ಕಾಲ, ಹಳ್ಳಿಯ ಬದುಕು ಅಂತ. ತಪ್ಪು ಏನೂ ಹೇಳಲಿಲ್ಲ. ಆದರೆ ಕೂತವರ ಕಣ್ಣು ಎಳೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಅವರಿಗೆ ಓದಲು ಬರುವುದಿಲ್ಲ, ಮೊಮ್ಮಗಳು ರಾತ್ರಿ ರಾತ್ರಿ ಓದಿ ಹೇಳಿದ್ದಳಂತೆ. ಸಭೆ ನಡೆಸುತ್ತಿದ್ದ ಲೈಬ್ರರಿಯವರು, "ಅಜ್ಜಿ, ನಿಮಗೆ ಏನು ನೆನಪಲ್ಲಿ ಉಳೀತು?" ಅಂತ ಕೇಳಿದರು. ಅಷ್ಟೇ ಕೇಳಿದ್ದು.

ಅಜ್ಜಿ ಎದುರಿಗಿದ್ದ ಹಳೇ ಪೇಪರ್ ತೆಗೆದುಕೊಂಡು ಅಂಗೈ ಅಗಲ ಅಗಲ ಹರಿದರು. ಒಂದು ಕಡ್ಡಿ ಕೊಡಿ ಅಂದರು. ಯಾರೋ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಕೊಟ್ಟರು. ಅದನ್ನು ಹಲ್ಲಿನಲ್ಲಿ ಮುರಿದು, ಒಂದು ತುಂಡಿನ ಮೇಲೆ ಇನ್ನೊಂದು ತುಂಡು ಇಟ್ಟು, ಚುಚ್ಚಿ, ಮುರಿದು, ತಿರುಗಿಸಿ, ಮತ್ತೆ ಚುಚ್ಚಿ, ಊಟಕ್ಕೆ ಮುತ್ತುಗದ ಎಲೆ ಹಚ್ಚುವುದು ಹೇಗೆ ಅಂತ ತೋರಿಸಿದರು. ಕಾದಂಬರಿಯಲ್ಲಿ ನಂಜಮ್ಮ ಎಲೆ ಹಚ್ಚಿ ಸಂಸಾರ ನಡೆಸುತ್ತಾಳಲ್ಲ, ಅದು. ಒಣಗಿದ ಎಲೆಯಾದರೆ ನೀರು ಚಿಮುಕಿಸಿಕೊಳ್ಳಬೇಕು, ಇಲ್ಲದಿದ್ದರೆ ಪುಡಿಯಾಗುತ್ತದೆ ಅಂದರು. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಹಾಗೇ ಹಚ್ಚಿ ಮಾರಿದ್ದರಂತೆ. ಆಮೇಲೆ ಬೆರಳು ಎತ್ತಿ ತೋರಿಸಿ ಹೇಳಿದರು: "ನೂರು ಎಲೆ ಹಚ್ಚೋ ಹೊತ್ಗೆ ಬೆಳ್ಳಿನ ತುದಿ ಒಡೀತದೆ. ಆ ನಂಜಮ್ಮ ಆಮೇಲೆ ಕೂತ್ಕೊಂಡು ಶಾನುಭೋಗಿಕೆ ಲೆಕ್ಕ ಬರೀತಾಳಲ್ಲ, ಅದೇ ಕೈಲಿ!"

1970ರಲ್ಲಿ ಬಂದ ಆ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೇನೆ. ಆ ಕೈಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಅಜ್ಜಿ ಮಾತು ಮುಗಿಸಿದ ಮೇಲೆ ಸಭೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಒಬ್ಬರು ನಂಜಮ್ಮ ಯಾಕೆ ಅಷ್ಟು ಸಹಿಸಿಕೊಂಡಳು ಅಂತ ಸಿಟ್ಟಾದರು, ಇನ್ನೊಬ್ಬರು ಹೋಗುವುದಾದರೂ ಎಲ್ಲಿಗೆ ಅಂದರು, ಪ್ಲೇಗಿನಲ್ಲಿ ಮಕ್ಕಳು ಸಾಯುವ ಭಾಗ ಓದಲಾಗದೆ ಪುಸ್ತಕ ಮುಚ್ಚಿಟ್ಟೆ ಅಂತ ಕಾಲೇಜಿನ ಹುಡುಗಿಯೊಬ್ಬಳು ಹೇಳಿದಳು, ಅಲ್ಲಿಗೆ ಮೊದಲು ಮಾತಾಡಿದ ಉಪನ್ಯಾಸಕರೇ ಕುರ್ಚಿ ಹಿಂದಕ್ಕೆ ತಿರುಗಿಸಿಕೊಂಡು ಕೂತು ಕೇಳಿದರು.

ಆದ್ದರಿಂದ "ಪುಸ್ತಕದ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ" ಅಂತ ಕೇಳಬೇಡಿ. ಅಭಿಪ್ರಾಯ ಅಂದ ಕೂಡಲೇ ಪರೀಕ್ಷೆಯ ನೆನಪಾಗುತ್ತದೆ. ಏನು ನೆನಪಲ್ಲಿ ಉಳೀತು ಅಂತ ಕೇಳಿ. ಎಲ್ಲಿ ನಿಲ್ಲಿಸಿದಿರಿ ಅಂತ ಕೇಳಿ, ಅರ್ಧಕ್ಕೆ ಬಿಟ್ಟವರನ್ನು ಮೊದಲು ಮಾತಾಡಿಸಿ. ಒಂದು ಪುಸ್ತಕವನ್ನು ಜನ ಎಷ್ಟನೇ ಪುಟಕ್ಕೆ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಅನ್ನುವುದರಲ್ಲಿ ಆ ಪುಸ್ತಕದ ಬಗ್ಗೆಯೂ ಜನರ ಬಗ್ಗೆಯೂ ತುಂಬಾ ವಿಷಯ ಇರುತ್ತದೆ. ಓದಿಕೊಂಡು ಬರಲು ಆಗದವರಿಗೆ ಶುರುವಿನಲ್ಲಿ ಮೂರು ನಾಲ್ಕು ಪುಟ ಜೋರಾಗಿ ಓದಿ. ಕಾಫಿ ಹಣ್ಣು ಕುಯ್ಯುವ ಡಿಸೆಂಬರ್, ಜನವರಿಯಲ್ಲಿ ದಪ್ಪ ಕಾದಂಬರಿ ಇಡಬೇಡಿ, ಒಂದೇ ಒಂದು ಸಣ್ಣ ಕತೆ ಸಾಕು.

ಪ್ರಶಸ್ತಿ ಬಂದ ಪುಸ್ತಕಗಳ ಬಗ್ಗೆಯೂ ಕೇಳಿದ್ದೀರಿ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಸಂಕಲನಕ್ಕೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ಊರಿಗೆಲ್ಲ ಸಂಭ್ರಮ, ನನಗೂ. ಆ ಕತೆಗಳನ್ನು ಖಂಡಿತ ಸಭೆಗೆ ಇಡಿ. ಆದರೆ ನಮ್ಮೂರಿನವರು ಅನ್ನುವ ಹೆಮ್ಮೆಯಿಂದ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳಿ ಎದ್ದುಹೋದರೆ ಆ ಕತೆಗಳಿಗೇ ನಷ್ಟ. ಯಾರಿಗೆ ಯಾವ ಕತೆ ಕಸಿವಿಸಿ ಮಾಡಿತು ಅಂತ ಕೇಳಿ. ಮನೆಯೊಳಗಿನ ಹೆಂಗಸರ ಸಂಕಟದ ಕತೆಗಳು ಅವು, ಕಸಿವಿಸಿ ಆಗಬೇಕಾದದ್ದೇ.

ಮೇಷ್ಟ್ರ ವಿಷಯಕ್ಕೆ ಬಂದರೆ, ಅವರು ನಿಮ್ಮನ್ನು ಪರೀಕ್ಷೆ ಮಾಡಲು ಕೇಳಿದರು ಅಂತ ನನಗೆ ಅನ್ನಿಸುವುದಿಲ್ಲ. 14 ವರ್ಷ ಊರಿಗೆಲ್ಲ ಪುಸ್ತಕ ಕೊಟ್ಟವರಿಗೆ ಏನು ಇಷ್ಟ ಅಂತ ತಿಳಿಯುವ ಆಸೆ ಇದ್ದೀತು. ಮುಂದಿನ ಶನಿವಾರ ಅವರಿಗೆ ನೇರವಾಗಿ ಹೇಳಿಬಿಡಿ: "ಸರ್, ಆವತ್ತು ಹೇಳಿದ ಕಾದಂಬರಿ ನಾನು 60ನೇ ಪುಟಕ್ಕೆ ಬಿಟ್ಟೆ. ನಿಮಗೆ ಅದು ಇಷ್ಟ ಇದ್ದರೆ ಯಾಕೆ ಅಂತ ಹೇಳಿ, ಇನ್ನೊಂದು ಸಲ ನೋಡ್ತೀನಿ. ನಾನು ಓದುತ್ತಾ ಇರೋದು ಇದು." ಅಂತ ಹೇಳಿ ಪುಸ್ತಕ ಅವರ ಕೈಗೆ ಕೊಡಿ.

ಸಭೆಯನ್ನು ಐದಕ್ಕೆ ಮುಗಿಸಿ, ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಿಕೊಳ್ಳಲಿ. ಏನಾಯಿತು ಅಂತ ನನಗೆ ಬರೆಯಿರಿ. ಎಸ್ಟೇಟಿನವರು ವಾಪಸ್ ಬಂದರಾ ಅನ್ನುವುದನ್ನು ಮರೆಯದೆ ಬರೆಯಿರಿ. ಮತ್ತೆ, ನಾಲ್ಕು ಪುಟ ಬರೆದೂ ನಿಮ್ಮ ಚೀಲದಲ್ಲಿದ್ದ ಆ ಪತ್ತೇದಾರಿಯ ಹೆಸರು ಎಲ್ಲೂ ಹೇಳಿಲ್ಲ. ಅದನ್ನೂ ತಿಳಿಸಿ, ನಾನೂ ಓದುತ್ತೇನೆ.

ಸಂಪಾದಕ