ಅತ್ತೆಯ ಕಾಯಿಲೆ, ಸೊಸೆಯ ಉಪ್ಪಿನಕಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ಬಳಿ ಸಲಹೆಗೆ ಬಂದಿದ್ದ, ನಲವತ್ತು ದಾಟಿದ ಗೃಹಿಣಿ ಮಾತು ಆರಂಭಿಸುವ ಮೊದಲೇ ಚೀಲದಿಂದ ಗಾಜಿನ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಸುಕ್ಕುಗಟ್ಟಿದ ಅಪ್ಪೆಮಿಡಿಗಳು, ಬಾಯಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಹರಳು. "ಇದನ್ನು ಲ್ಯಾಬಿಗೆ ಕಳಿಸಬಹುದಾ ಮೇಡಂ?" ಎಂದರು. ಅತ್ತೆ ಜಠರದ ಕ್ಯಾನ್ಸರಿನಿಂದ ತೀರಿಕೊಂಡು ಐದು ತಿಂಗಳಾಗಿತ್ತು. ವೈಕುಂಠದ ದಿನ ನಾದಿನಿ, ಉಪ್ಪಿನಕಾಯಿ, ಉಪ್ಪಿನಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಬಡಿಸಿ ಬಡಿಸಿಯೇ ಅಮ್ಮನ ಹೊಟ್ಟೆ ಕೆಡಿಸಿದೆ ಎಂದು ನೆಂಟರೆದುರು ಅಂದಿದ್ದರು. ಅಂದಿನಿಂದ ಸಾರಿಗೆ ಉಪ್ಪು ಹಾಕುವಾಗಲೂ ಇವರ ಕೈ ತಡೆಯುತ್ತಿತ್ತಂತೆ.

ಆ ಮಾತಿನಲ್ಲಿ ಹುರುಳೇ ಇಲ್ಲವೆಂದು ಸಮಾಧಾನ ಹೇಳಿ ಕಳಿಸಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಅತಿಯಾದ ಉಪ್ಪು ಜಠರದ ಒಳಪೊರೆಯನ್ನು ಘಾಸಿಗೊಳಿಸಿ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮಾಡುವ ಹಾನಿಯನ್ನು ಹೆಚ್ಚಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿದ್ದು ಈ ಬ್ಯಾಕ್ಟೀರಿಯಾವನ್ನು. ಆದರೆ ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲೇ ತಗಲುತ್ತದೆ, ಕಾಯಿಲೆ ಬಲಿಯಲು ದಶಕಗಳು ಹಿಡಿಯುತ್ತವೆ, ಸೋಂಕಿದ್ದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೂ ಇಲ್ಲ. ಹೀಗಿರುವಾಗ ಇಂಥ ಬಾಟಲಿಯೇ ಕಾರಣವೆಂದು ಯಾವ ಲ್ಯಾಬೂ ಹೇಳಲಾರದು ಎಂದೆ. ಅತ್ತೆಯೇ ಈ ಉಪ್ಪಿನಕಾಯಿಯ ಹದ ಕಲಿಸಿದವರೆಂಬುದನ್ನು ಅವರು ಆಗ ನೆನೆದರು.

ಮಾತಿನ ನಡುವೆ ಗಂಡನ ವಿಷಯ ಬಂತು. ಎರಡು ತಿಂಗಳಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಲುಂಗಿ ಸಡಿಲವಾಗಿದೆ, ಗ್ಯಾಸಿನ ಮಾತ್ರೆ ನುಂಗಿ ತೋಟಕ್ಕೆ ಹೋಗುತ್ತಾರೆ, ಬೀಡಿ ಬಿಟ್ಟಿಲ್ಲ. ನನಗೆ ಬಾಟಲಿಗಿಂತ ಆ ಲುಂಗಿಯೇ ಮುಖ್ಯವೆನಿಸಿತು. ತಾಯಿಗೆ ಈ ಕ್ಯಾನ್ಸರ್ ಇದ್ದರೆ ಮಕ್ಕಳಿಗೆ ಅಪಾಯ ಹೆಚ್ಚು, ನಾದಿನಿಯೂ ಅದಕ್ಕೆ ಹೊರತಲ್ಲ.

ಮಾತ್ರೆಯ ಮೇಲೆ ದಿನ ತಳ್ಳದೆ ಈ ವಾರವೇ ಶಿವಮೊಗ್ಗದಲ್ಲಿ ಜಠರತಜ್ಞರನ್ನು ಕಂಡು ಗಂಡನಿಗೆ ಎಂಡೋಸ್ಕೋಪಿ ಮಾಡಿಸಿ, ಪೈಲೋರಿ ಕಂಡುಬಂದರೆ ವೈದ್ಯರು ಹೇಳಿದಷ್ಟು ದಿನ ಆ್ಯಂಟಿಬಯೋಟಿಕ್ ಪೂರ್ತಿ ಮುಗಿಸಿ, ನಾದಿನಿಗೂ ಪರೀಕ್ಷೆಯ ವಿಷಯ ತಿಳಿಸಿ ಎಂದೆ. ಅಡುಗೆಯಲ್ಲಿ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ದಾಟದಿರಲಿ; ಸೊಳೆಯನ್ನು ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿ; ಎರಡು ಹೊತ್ತೂ ಮಿಡಿ ನಂಚಿಕೊಳ್ಳುವ ಬದಲು ಒಂದು ಹೊತ್ತಿಗೆ ಒಂದೆಲಗದ ತಂಬುಳಿ ಮಾಡಿ, ಹಣ್ಣು, ಸೊಪ್ಪು ಹೆಚ್ಚಿಸಿ ಎಂದೂ ಹೇಳಿದೆ. ಭರಣಿ ಚೆಲ್ಲುವ ಅಗತ್ಯವಿರಲಿಲ್ಲ.

"ಅವರು ಬರಲ್ಲ ಮೇಡಂ, ನೀವೇ ಹೇಳಿ" ಎಂದು ಆಕೆ ಫೋನ್ ಮುಂದೆ ಹಿಡಿದರು. ಗಂಡನಿಗೆ ನಾನು ಉಪ್ಪಿನಕಾಯಿಯ ಸುದ್ದಿಯನ್ನೇ ಎತ್ತದೆ, ಎಂಡೋಸ್ಕೋಪಿಗೆ ರಾತ್ರಿಯಿಂದಲೇ ಉಪವಾಸವಿದ್ದು ಬರಬೇಕೆಂದಷ್ಟೇ ಹೇಳಿದೆ.