ರೇಡಾರ್ ಅಳೆಯುವುದು ಮೇಲೆದ್ದ ಭಾಗವನ್ನಷ್ಟೇ

ಮಂಜುಗಡ್ಡೆ ಅಳೆಯುವ ಯುರೋಪಿನ ಉಪಗ್ರಹ ಕ್ರಯೋಸ್ಯಾಟ್-2ರ ರೇಡಾರ್ ಸುಮಾರು 700 ಕಿ.ಮೀ. ಎತ್ತರದಿಂದ ಸಮುದ್ರದ ಮಂಜುಗಡ್ಡೆಯನ್ನು ತೂರಿ ತಳ ಮುಟ್ಟುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಅದು ಅಳೆಯುವುದು ನೀರಿನ ಮಟ್ಟದಿಂದ ಮೇಲೆದ್ದು ನಿಂತ ಭಾಗವನ್ನು ಮಾತ್ರ.

ಗಡ್ಡೆಗಳ ನಡುವೆ ಅಲ್ಲಲ್ಲಿ ಬಿರುಕು ಬಿಟ್ಟು ನೀರು ಕಾಣುತ್ತದೆ. ಅಲೆಯಿಲ್ಲದ ಆ ನೀರು ಕನ್ನಡಿಯಂತೆ. ಅಲ್ಲಿಂದ ಮರಳುವ ಸಂಕೇತ ಚೂಪಾಗಿ, ಜೋರಾಗಿ ಇರುತ್ತದೆ. ಒರಟು ಗಡ್ಡೆಯಿಂದ ಬಂದದ್ದು ಹರಡಿಕೊಂಡಿರುತ್ತದೆ. ಹೀಗೆ ಎರಡನ್ನೂ ಗುರುತಿಸಿ, ಎತ್ತರದ ವ್ಯತ್ಯಾಸ ತೆಗೆಯುತ್ತಾರೆ. ಎರಡು ಮೀಟರ್ ದಪ್ಪದ ಗಡ್ಡೆಯಲ್ಲಿ ಮೇಲಿರುವುದು ಸುಮಾರು 20 ಸೆಂ.ಮೀ. ಅಷ್ಟೇ, ಉಳಿದದ್ದು ಆರ್ಕಿಮಿಡೀಸ್ ತತ್ವದ ಲೆಕ್ಕ. ಹಾಗಾಗಿ ಮೇಲೆ 2 ಸೆಂ.ಮೀ. ತಪ್ಪಿದರೆ ದಪ್ಪದಲ್ಲಿ 20 ಸೆಂ.ಮೀ. ಆಸುಪಾಸು ತಪ್ಪುತ್ತದೆ.

ನಿಜವಾದ ತಲೆನೋವು ಗಡ್ಡೆಯ ಮೇಲೆ ಬಿದ್ದ ಹಿಮ. ಅದರ ಭಾರಕ್ಕೆ ಗಡ್ಡೆ ಕೆಳಗಿಳಿಯುತ್ತದೆ. ಒಣ ಹಿಮವನ್ನು ರೇಡಾರ್ ದಾಟುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ, ಒದ್ದೆಯಾದರೆ ಅದೂ ಕೆಡುತ್ತದೆ. ಅದಕ್ಕೇ 2020ರಲ್ಲಿ ಕ್ರಯೋಸ್ಯಾಟ್-2ರ ಕಕ್ಷೆಯನ್ನು ತುಸು ಎತ್ತರಿಸಿ ನಾಸಾದ ಉಪಗ್ರಹ ಐಸ್‌ಸ್ಯಾಟ್-2ರ ಹಾದಿಗೆ ಹೊಂದಿಸಿದರು. ಅದರ ಲೇಸರ್ ಹಿಮದ ಮೇಲ್ಮೈಯಿಂದಲೇ ಮರಳುವುದರಿಂದ, ಎರಡನ್ನೂ ಹೋಲಿಸಿ ಹಿಮದ ಆಳ ಅಂದಾಜಿಸಬಹುದು. ನನಗಂತೂ ಇದು ಬಹಳ ಜಾಣತನದ ಕೆಲಸ ಅನಿಸುತ್ತದೆ.

ಬೇಸಿಗೆಯ ಅಂಕಿಗಳನ್ನು ಮಾತ್ರ ಎಚ್ಚರದಿಂದ ನೋಡಿ: ಗಡ್ಡೆಯ ಮೇಲೆ ಕರಗಿ ನಿಂತ ನೀರೂ ರೇಡಾರ್‌ಗೆ ಬಿರುಕಿನ ನೀರಿನ ಹಾಗೆಯೇ ಕಾಣುತ್ತದೆ.